ಡಿಗ್ರಿಗೆ ಸೇರಿಸಿದ್ದಾಯ್ತು, ದಾರಿ ಹೇಳೋರು ಯಾರು ಸ್ವಾಮಿ?

ಮೊನ್ನೆ ಸೋಮವಾರ ಬೆಳಿಗ್ಗೆ ಜಗಳೂರಿನಿಂದ ದಾವಣಗೆರೆಗೆ ಬರುವ ಸರ್ಕಾರಿ ಬಸ್ಸಿನಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಅರ್ಧಕ್ಕರ್ಧ ಕಾಲೇಜು ಹುಡುಗಿಯರು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಚಿಂತೆ ತಪ್ಪಿತು. ಬಸ್ಸಿನ ಖರ್ಚು ನೆಪ ಮಾಡಿ ಮಗಳನ್ನು ಮನೆಯಲ್ಲಿ ಕೂರಿಸುತ್ತಿದ್ದ ಅಪ್ಪಂದಿರ ಬಾಯಿ ಅಷ್ಟರಮಟ್ಟಿಗೆ ಮುಚ್ಚಿತು. ಒಳ್ಳೆಯದೇ ಆಯಿತು.

ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಹುಡುಗಿ. ಪಕ್ಕದಲ್ಲಿ ಬಿಳಿ ಟೋಪಿ ಹಾಕಿದ ಯಜಮಾನರು, ಮಂಡಿಪೇಟೆಗೆ ಸರಕು ತರೋಕೆ ಹೊರಟ ಕಿರಾಣಿ ಅಂಗಡಿಯವರು. ಮಾತು ಶುರುವಾಯಿತು.

"ಏನು ಓದ್ತಿದೀಯಮ್ಮ?"

"ಬಿ.ಕಾಂ. ಫಸ್ಟ್ ಇಯರ್ ಅಜ್ಜ."

"ಮುಂದೆ ಏನ್ ಮಾಡ್ಬೇಕಂತ ಐತಿ?"

ಹುಡುಗಿ ಕಿಟಕಿ ಕಡೆ ನೋಡಿದಳು. "ಗೊತ್ತಿಲ್ಲಜ್ಜ. ಡಿಗ್ರಿ ಮುಗೀಲಿ, ಆಮೇಲೆ ನೋಡಾನ ಅಂತಾರೆ ನಮ್ಮಪ್ಪ."

"ಡಿಗ್ರಿ ಆದ್ಮೇಲೆ ಏನ್ ನೋಡ್ತಾರೆ? ಗಂಡು ನೋಡ್ತಾರೆ ಅಷ್ಟೇ!" ಅಂದರು ಯಜಮಾನರು. ಸುತ್ತ ಇದ್ದವರೆಲ್ಲ ನಕ್ಕರು. ಹುಡುಗಿಯೂ ನಕ್ಕಳು. ಆದರೆ ಆ ನಗು ನಗುವಿನ ಹಾಗೆ ಇರಲಿಲ್ಲ.

ಯಜಮಾನರಿಗೇ ಅದು ತಟ್ಟಿತೋ ಏನೋ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾತು ತೆಗೆದರು. "ನಮ್ಮ ಲೆಕ್ಕ ನೋಡೋ ಆಡಿಟರ್ ಆಫೀಸಿನಾಗೆ ಹುಡುಗಿಯರೇ ನಾಲ್ಕು ಜನ ಅದಾರೆ. ಜಿಎಸ್‌ಟಿ ರಿಟರ್ನ್ ಎಲ್ಲಾ ಅವರೇ ಮಾಡೋದು. ಟ್ಯಾಲಿ ಬರ್ಬೇಕಂತಪ್ಪ. ನಿಂಗೆ ಬರುತ್ತಾ?" ಹುಡುಗಿಗೆ ಬರುತ್ತಿರಲಿಲ್ಲ. ಆದರೆ ಬಸ್ಸು ಊರೊಳಗೆ ಬರುವಷ್ಟರಲ್ಲಿ ಆ ಆಡಿಟರ್ ಆಫೀಸು ಯಾವ ರಸ್ತೆಯಲ್ಲಿದೆ, ಅಲ್ಲಿನ ಹುಡುಗಿಯರು ಟ್ಯಾಲಿ ಎಲ್ಲಿ ಕಲಿತರು, ಮೊದಲು ಯಾರನ್ನು ಕೇಳಬೇಕು ಅನ್ನೋದನ್ನೆಲ್ಲ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು.

ಓದುಗರೇ, ಕಾಲೇಜಿಗೆ ಸೇರಿ ತಿಂಗಳುಗಟ್ಟಲೆ ಆದರೂ ಆ ಹುಡುಗಿಗೆ ಯಾರೂ ಹೇಳದಿದ್ದ ಮಾತನ್ನು ಒಬ್ಬ ಕಿರಾಣಿ ಅಂಗಡಿಯವರು ಬಸ್ಸಿನಲ್ಲಿ ಅರ್ಧ ಗಂಟೆಯಲ್ಲಿ ಹೇಳಿದರು. ಇವತ್ತಿನ ಅಂಕಣ ಅದರ ಬಗ್ಗೆಯೇ.

ಮೂರನೇ ವರ್ಷದಲ್ಲಿ ಎಚ್ಚರ

ನಮ್ಮ ಕಡೆ ಒಂದು ರೂಢಿ ಇದೆ. ಮಗ ಪಿಯುಸಿ ಪಾಸಾದ ತಕ್ಷಣ ಯಾವ ಕಾಲೇಜು, ಎಷ್ಟು ಫೀಸು, ಹಾಸ್ಟೆಲ್ ಸಿಗುತ್ತೋ ಇಲ್ಲವೋ ಅಂತ ಮನೆಯವರೆಲ್ಲ ಓಡಾಡುತ್ತಾರೆ. ಅಡ್ಮಿಷನ್ ಆಯಿತೋ, ಮುಗಿಯಿತು. ಮುಂದಿನ ಎರಡು ವರ್ಷ ಯಾರೂ ಏನೂ ಕೇಳೋದಿಲ್ಲ. ಮೂರನೇ ವರ್ಷ ಬಂದಾಗ ಎಲ್ಲರೂ ಒಟ್ಟಿಗೆ ಎಚ್ಚರ ಆಗುತ್ತಾರೆ. ಕಾಲೇಜಿನವರು ಆಗ ಪ್ಲೇಸ್‌ಮೆಂಟ್ ಅನ್ನುತ್ತಾರೆ, ಅಪ್ಪ ನೌಕರಿ ಅನ್ನುತ್ತಾನೆ, ಸೋದರಮಾವ ಬೆಂಗಳೂರು ಅನ್ನುತ್ತಾನೆ. ಅಷ್ಟರಲ್ಲಿ ಎಷ್ಟೋ ಬಾಗಿಲು ಮುಚ್ಚಿರುತ್ತವೆ.

ಸುಮ್ಮನೆ ಹೇಳುತ್ತಿಲ್ಲ, ಲೆಕ್ಕ ಕೊಡುತ್ತೇನೆ.

ಚಾರ್ಟರ್ಡ್ ಅಕೌಂಟೆಂಟ್ ಆಗಬೇಕಾದರೆ ಡಿಗ್ರಿ ಮುಗಿಯುವ ತನಕ ಕಾಯಲೇಬೇಕೆಂದಿಲ್ಲ. ಪಿಯುಸಿ ಆದ ಮೇಲೆ ಫೌಂಡೇಷನ್ ಪರೀಕ್ಷೆ ಬರೆಯಬಹುದು. ಅಂದರೆ ಬಿ.ಕಾಂ. ಮೊದಲ ವರ್ಷದಲ್ಲೇ ಆ ದಾರಿ ಹಿಡಿಯಬಹುದು. ಡಿಗ್ರಿ ಆದ ಮೇಲೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರೋಕೂ ಅವಕಾಶ ಇದೆ, ಆದರೆ ಬಿ.ಕಾಂ.ನಲ್ಲಿ ನೂರಕ್ಕೆ 55 ಅಂಕ ಬೇಕು. ಮೊದಲ ವರ್ಷ ಉಡಾಫೆ ಮಾಡಿ 50 ತೆಗೆದ ಹುಡುಗನಿಗೆ ಆ 55ರ ವಿಷಯ ಮೂರನೇ ವರ್ಷದಲ್ಲಿ ಗೊತ್ತಾದರೆ ಏನು ಬಂತು? 2023ರಲ್ಲಿ ಬಂದ ಹೊಸ ಪದ್ಧತಿಯಲ್ಲಿ ಆಡಿಟರ್ ಹತ್ತಿರ ಕೆಲಸ ಕಲಿಯುವ ಆರ್ಟಿಕಲ್‌ಶಿಪ್ಪನ್ನು ಮೂರು ವರ್ಷದಿಂದ ಎರಡು ವರ್ಷಕ್ಕೆ ಇಳಿಸಿದ್ದಾರೆ. ಇದು ನಮ್ಮ ಹಳ್ಳಿ ಹುಡುಗರಲ್ಲಿ ಎಷ್ಟು ಜನಕ್ಕೆ ಗೊತ್ತು?

ಇನ್ನೊಂದು. 2024ರಲ್ಲಿ ಸರ್ಕಾರ 1,000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಅರ್ಜಿ ಕರೆಯಿತು. ಹಿಂದೆ ಊರಿನವರು ಗ್ರಾಮ ಲೆಕ್ಕಿಗರು ಅನ್ನುತ್ತಿದ್ದರಲ್ಲ, ಅದೇ. ವಿದ್ಯಾರ್ಹತೆ ಬರೀ ಪಿಯುಸಿ. ಮೊದಲೆಲ್ಲ ಪಿಯುಸಿ ಅಂಕದ ಮೇಲೆ ಆಯ್ಕೆ ಮಾಡುತ್ತಿದ್ದರು, ಆ ವರ್ಷ ಸ್ಪರ್ಧಾತ್ಮಕ ಪರೀಕ್ಷೆ ಇಟ್ಟರು. ಅಂದರೆ ಪಿಯುಸಿಯಲ್ಲಿ ಕಡಿಮೆ ಅಂಕ ಬಂದವನಿಗೂ ಬಾಗಿಲು ತೆರೆಯಿತು. ಡಿಗ್ರಿ ಮೊದಲ ವರ್ಷದಲ್ಲಿ ಕೂತಿದ್ದ ಹದಿನೆಂಟು ತುಂಬಿದ ಹುಡುಗರೆಲ್ಲ ಅರ್ಜಿ ಹಾಕಬಹುದಿತ್ತು. ನಾನು ಆಗ ಕಾಲೇಜು ಗೇಟಿನ ಮುಂದೆ ಟೀ ಕುಡಿಯುತ್ತಿದ್ದ ಏಳೆಂಟು ಹುಡುಗರನ್ನು ಕೇಳಿದ್ದೆ. ಇಬ್ಬರಿಗೆ ಗೊತ್ತಿತ್ತು. ಆ ಇಬ್ಬರ ಅಪ್ಪಂದಿರೂ ಸರ್ಕಾರಿ ನೌಕರಿಯಲ್ಲಿದ್ದರು.

ಮೂರನೆಯದು. ಬ್ಯಾಂಕ್ ಪರೀಕ್ಷೆ ಅಂದರೆ ಇಂಗ್ಲಿಷು, ಹಿಂದಿ ಅಂತ ಹೆದರಿ ದೂರ ಇರುವ ಮಕ್ಕಳು ಇನ್ನೂ ಇದ್ದಾರೆ. ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವ ತೀರ್ಮಾನ 2021ರಲ್ಲೇ ಆಗಿದೆ. ಇಂಗ್ಲಿಷಿನ ಒಂದು ಭಾಗ ಹೇಗೂ ಬರೆಯಬೇಕು, ಅದಕ್ಕೆ ತಯಾರಿ ಮಾಡಿಕೊಳ್ಳೋಕೆ ಮೂರು ವರ್ಷ ಬೇಕಾದಷ್ಟಾಯಿತು. ಮೂರು ತಿಂಗಳು ಮಾತ್ರ ಉಳಿದಾಗ ಶುರು ಮಾಡಿದರೆ ಸಾಲೋದಿಲ್ಲ.

ಇದರ ಮಧ್ಯೆ ಡಿಗ್ರಿ ಎಷ್ಟು ವರ್ಷದ್ದು ಅನ್ನೋದೇ ಗೊಂದಲ ಆಗಿತ್ತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಅಂತ ನಾಲ್ಕು ವರ್ಷದ ಲೆಕ್ಕ ಬಂತು. ಸರ್ಕಾರ ಬದಲಾಯಿತು, 2024-25ರಿಂದ ಮತ್ತೆ ಮೂರು ವರ್ಷ ಅಂತಾಯಿತು. ಅಣ್ಣನಿಗೊಂದು ಲೆಕ್ಕ, ತಂಗಿಗೊಂದು ಲೆಕ್ಕ. ಓದಿರದ ಅಪ್ಪ-ಅಮ್ಮ ಯಾರನ್ನು ಕೇಳಬೇಕು?

ಈ ಎಲ್ಲ ವಿಷಯವೂ ಬಹಿರಂಗ. ಯಾರೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಸಿಗುತ್ತದೆ ಅಂತೀರಿ. ಸಿಗುತ್ತದೆ, ಒಪ್ಪಿದೆ. ಆದರೆ ಏನನ್ನು ಹುಡುಕಬೇಕು ಅಂತ ಗೊತ್ತಿದ್ದವನಿಗೆ ಮಾತ್ರ ಸಿಗುತ್ತದೆ.

ಮಂಡಿಪೇಟೆಗೆ ಹೊಸದೇನಲ್ಲ

ಬೆಂಗಳೂರಿನವರು ಇದಕ್ಕೆ ನೆಟ್‌ವರ್ಕಿಂಗ್ ಅಂತ ಹೆಸರಿಟ್ಟಿದ್ದಾರೆ. ಕೋಟು ಹಾಕಿಕೊಂಡು, ಕಾರ್ಡು ಹಂಚಿ, ಕೈಕುಲುಕಿ ಮಾಡುವ ಕೆಲಸ ಅಂತ ನಮ್ಮ ಹುಡುಗರು ತಿಳಿದಿದ್ದಾರೆ. ಸ್ವಾಮಿ, ಮಂಡಿಪೇಟೆಯವರಿಗೆ ಇದು ಅಜ್ಜನ ಕಾಲದ ವಿದ್ಯೆ. ಅಡತಿ ಅಂಗಡಿಯ ಗಾದಿ ಮೇಲೆ ಅಪ್ಪನ ಪಕ್ಕ ಕೂತ ಹುಡುಗ ಹದಿನೈದು ವರ್ಷಕ್ಕೇ ಊರ ವ್ಯಾಪಾರಸ್ಥರನ್ನೆಲ್ಲ ಗುರುತು ಹಿಡಿಯುತ್ತಾನೆ. ಲಾರಿ ಆಫೀಸಿನವರು ಯಾರು, ಬ್ಯಾಂಕ್ ಮ್ಯಾನೇಜರ್ ಯಾರು, ಆಡಿಟರ್ ಯಾರು ಅಂತ ಅವನಿಗೆ ಯಾರೂ ಪಾಠ ಮಾಡುವುದಿಲ್ಲ. ಟೀ ತರೋಕೆ ಹೋಗಿ ಬರುವಷ್ಟರಲ್ಲಿ ಕಲಿತಿರುತ್ತಾನೆ. ಹತ್ತಿ ಮಿಲ್ಲುಗಳು ನಡೆಯುತ್ತಿದ್ದ ಕಾಲದಲ್ಲಿ ಕಾರ್ಮಿಕರ ಮನೆಯಲ್ಲೂ ಹಾಗೇ ಇತ್ತು. ಎಲ್ಲಿ ಆಳು ಬೇಕಾಗಿದೆ ಅನ್ನುವ ಸುದ್ದಿ ಅಪ್ಪನೋ ಚಿಕ್ಕಪ್ಪನೋ ಮಿಲ್ಲಿನಿಂದ ಮನೆಗೆ ತರುತ್ತಿದ್ದರು.

ಜಗಳೂರು ಕಡೆಯ ಒಣಭೂಮಿಯಿಂದ, ಮಾಯಕೊಂಡ, ಚನ್ನಗಿರಿ ಕಡೆಯ ಹಳ್ಳಿಗಳಿಂದ ಬರುವ, ಮನೆಯಲ್ಲಿ ಮೊದಲನೇ ಡಿಗ್ರಿ ಓದುವ ಮಗುವಿಗೆ ಇದು ಎಲ್ಲಿಂದ ಬರಬೇಕು? ಅಪ್ಪನಿಗೆ ಗೊತ್ತಿರುವ ಆಫೀಸು ಎರಡೇ, ತಾಲ್ಲೂಕು ಕಚೇರಿ ಮತ್ತು ಸೊಸೈಟಿ. ಎರಡರಲ್ಲೂ ಅವನು ಕೈಕಟ್ಟಿ ನಿಂತವನು.

ಕಹಿ ಆದರೂ ಇನ್ನೊಂದು ಮಾತು ಹೇಳಲೇಬೇಕು. ನಮ್ಮೂರಿನಲ್ಲಿ ಪರಿಚಯಕ್ಕೂ ಜಾತಿ ಇದೆ. ಹೊಸಬರು ಬಂದರೆ ಮೊದಲ ಪ್ರಶ್ನೆ "ಯಾವೂರು?" ಎರಡನೇ ಪ್ರಶ್ನೆ ಬಾಯಲ್ಲಿ ಬರೋದಿಲ್ಲ, ಆದರೆ ಅಪ್ಪನ ಹೆಸರು, ಮನೆದೇವರು ಅಂತ ಸುತ್ತಿಬಳಸಿ ಅದನ್ನೇ ಕೇಳುತ್ತಾರೆ. "ನಮ್ಮೋರು" ಅಂತಾದರೆ ಒಂದು ಬಾಗಿಲು, ಅಲ್ಲ ಅಂದರೆ "ನೋಡೋಣ ಬಿಡಪ್ಪ." ಮಠ, ಸಂಘ, ಜಾತಿಯ ಹಾಸ್ಟೆಲ್ಲು ಇದ್ದವರ ಮಕ್ಕಳಿಗೆ ಅಣ್ಣಂದಿರು ಸಿಗುತ್ತಾರೆ. ಹಾಸ್ಟೆಲ್ಲುಗಳು ಎಷ್ಟೋ ಬಡ ಮಕ್ಕಳನ್ನು ದಡ ಹತ್ತಿಸಿವೆ, ಇಲ್ಲ ಅನ್ನೋದಿಲ್ಲ. ಆದರೆ ಅಂಥ ಆಸರೆ ಇಲ್ಲದವರ ಮಕ್ಕಳು ಎಲ್ಲಿಗೆ ಹೋಗಬೇಕು?

ಇದು ವಶೀಲಿ ಅಲ್ಲ

ಈಗ ಕೆಲವರು ಕೇಳಬಹುದು. "ಏನ್ರೀ ಪತ್ರಕರ್ತರೆ, ನೀವೇ ವಶೀಲಿಗೆ ಬೆಂಬಲ ಕೊಡ್ತೀರಾ?"

ಇಲ್ಲ. ವಶೀಲಿ ಬೇರೆ, ವಿಚಾರಿಸೋದು ಬೇರೆ. "ನನ್ನನ್ನ ಹಿಂದಿನ ಬಾಗಿಲಿಂದ ಒಳಗೆ ಬಿಡಿ" ಅಂದರೆ ವಶೀಲಿ. "ಮುಂದಿನ ಬಾಗಿಲು ಎಲ್ಲಿದೆ, ಯಾವಾಗ ತೆರೀತಾರೆ?" ಅಂದರೆ ವಿಚಾರಣೆ. ಮೊದಲನೆಯದರಲ್ಲಿ ಇನ್ನೊಬ್ಬರ ಅನ್ನ ಹೋಗುತ್ತದೆ. ಎರಡನೆಯದರಲ್ಲಿ ಯಾರದೂ ಹೋಗೋದಿಲ್ಲ.

ವಶೀಲಿ, ದುಡ್ಡು ನಂಬಿದರೆ ಏನಾಗುತ್ತದೆ ಅಂತ ರಾಜ್ಯವೇ ನೋಡಿದೆ. 545 ಪಿಎಸ್ಐ ಹುದ್ದೆಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ಆಯಿತು. ಅಕ್ರಮ ಬಯಲಿಗೆ ಬಂದು 2022ರ ಏಪ್ರಿಲಿನಲ್ಲಿ ಸರ್ಕಾರ ಆ ನೇಮಕವನ್ನೇ ರದ್ದು ಮಾಡಿತು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ನ್ಯಾಯವಾಗಿ ಬರೆದ ಮಕ್ಕಳು ಎರಡು ವರ್ಷಕ್ಕೂ ಮೇಲೆ ಕಾದರು. ಆದ್ದರಿಂದ ಮೊದಲ ವರ್ಷದ ಮಕ್ಕಳೇ, ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಕೆಲಸ ಕೊಡಿಸುತ್ತೇನೆ ಅಂತ ಮುಂಗಡ ಕೇಳಿದವನು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಟ್ಟು ಹೋಗು ಅಂದವನು ಯಾರೇ ಆಗಲಿ, ನಿಮ್ಮ ಮಾವನೇ ಆಗಲಿ, ಅಲ್ಲಿಂದ ಎದ್ದು ಬನ್ನಿ.

ದೂರದ ಪರಿಚಯವೇ ಮೇಲು

ನನ್ನ ಕಥೆ ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತೇನೆ. ಪಿಯುಸಿ ಎರಡನೇ ವರ್ಷದಲ್ಲಿ ನಾನು ಒಂದೇ ಒಂದು ವಿಷಯದಲ್ಲಿ ಫೇಲಾದೆ. ಅಲ್ಲಿಗೆ ಓದು ಮುಗಿಯಿತು ಅಂದುಕೊಂಡೆ. ಮನೆಯಲ್ಲೂ ಹಾಗೇ ಅಂದುಕೊಂಡರು. ಆ ಒಂದು ವಿಷಯವನ್ನು ಮಾತ್ರ ಪೂರಕ ಪರೀಕ್ಷೆಯಲ್ಲಿ ಬರೆದು ಅದೇ ವರ್ಷ ಡಿಗ್ರಿಗೆ ಸೇರಬಹುದಿತ್ತು ಅಂತ ನನಗೆ ತಿಳಿಯುವ ಹೊತ್ತಿಗೆ ನಾನು ಬಸ್ ನಿಲ್ದಾಣದಲ್ಲಿ ಪೇಪರ್ ಕಟ್ಟು ಹೊರುತ್ತಿದ್ದೆ. ಇಪ್ಪತ್ತು ಜನ ನೆಂಟರಿದ್ದರು. ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ಕೇಳೋಕೆ ನನಗೆ ನಾಚಿಕೆ.

ಈ ಪತ್ರಿಕೆ ಕೆಲಸ ಹೇಗೆ ಸಿಕ್ಕಿತು ಅಂದರೆ, ಅದೂ ನೆಂಟರಿಂದಲ್ಲ. ವಾರಕ್ಕೊಮ್ಮೆ ನಿಲ್ದಾಣಕ್ಕೆ ಬರುತ್ತಿದ್ದ ಒಬ್ಬ ಏಜೆಂಟರು, ಹೆಸರು ಕೂಡ ನನಗೆ ಸರಿಯಾಗಿ ಗೊತ್ತಿರಲಿಲ್ಲ, "ಸಂಜೆ ಪೇಪರಿನವರಿಗೆ ತಾಲ್ಲೂಕು ಕಚೇರಿ ಸುದ್ದಿ ತರೋಕೆ ಒಬ್ಬ ಹುಡುಗ ಬೇಕಂತೆ, ಹೋಗಿ ಕೇಳು" ಅಂದರು. ಹೋಗಿ ಕೇಳಿದೆ. ಇವತ್ತಿಗೂ ಇಲ್ಲೇ ಇದ್ದೇನೆ.

ಈ ಕಥೆಯನ್ನು ಪರಿಚಯದ ಸಮಾಜಶಾಸ್ತ್ರ ಮೇಷ್ಟ್ರೊಬ್ಬರಿಗೆ ಬೆಣ್ಣೆದೋಸೆ ತಿನ್ನುತ್ತಾ ಹೇಳಿದೆ. ಅವರು ನಕ್ಕು, "ನಿನ್ನ ಕಥೆಯನ್ನ ಅಮೆರಿಕದಲ್ಲಿ ಐವತ್ತು ವರ್ಷದ ಹಿಂದೆಯೇ ಬರೆದಿದ್ದಾರೆ ಕಣಯ್ಯ" ಅಂದರು. ಮಾರ್ಕ್ ಗ್ರಾನೊವೆಟರ್ ಅನ್ನುವ ಸಮಾಜಶಾಸ್ತ್ರಜ್ಞರು ಬಾಸ್ಟನ್ ಪಕ್ಕದ ಒಂದು ಊರಿನಲ್ಲಿ, ಹೊಸದಾಗಿ ಕೆಲಸ ಬದಲಿಸಿದವರನ್ನು ವಿಚಾರಿಸಿ 1973ರಲ್ಲಿ ಒಂದು ಲೇಖನ ಬರೆದರಂತೆ. ಪರಿಚಯದವರಿಂದ ಕೆಲಸದ ಸುದ್ದಿ ಸಿಕ್ಕವರಲ್ಲಿ, ಆ ಪರಿಚಯದವರನ್ನು ಪದೇಪದೇ ಭೇಟಿ ಆಗುತ್ತಿದ್ದವರು ನೂರಕ್ಕೆ 17 ಮಂದಿ ಮಾತ್ರ. 55ಕ್ಕೂ ಹೆಚ್ಚು ಮಂದಿ ಆಗೊಮ್ಮೆ ಈಗೊಮ್ಮೆ ಭೇಟಿ ಆಗುತ್ತಿದ್ದವರು. ಸುಮಾರು 28 ಮಂದಿ ಅಪರೂಪಕ್ಕೆ ಕಾಣುತ್ತಿದ್ದವರು.

ಕಾರಣ ಸರಳ. ಹತ್ತಿರದ ಗೆಳೆಯನಿಗೆ ಏನು ಗೊತ್ತೋ ನಿನಗೂ ಅದೇ ಗೊತ್ತು. ಇಬ್ಬರೂ ಒಂದೇ ಕಟ್ಟೆ ಮೇಲೆ ಕೂರೋರು. ದೂರದವನು ಬೇರೆ ಕಟ್ಟೆಯಿಂದ ಬೇರೆ ಸುದ್ದಿ ತರುತ್ತಾನೆ. ಬಸ್ಸಿನಲ್ಲಿ ಆ ಹುಡುಗಿಗೆ ಆಗಿದ್ದೂ ಇದೇ ತಾನೆ?

ಕೇಳೋದು ಹೇಗೆ?

ಹಾಗಾದರೆ ಮೊದಲ ವರ್ಷದ ಮಕ್ಕಳು ಏನು ಮಾಡಬೇಕು? ಕೆಲಸ ಕೇಳಬೇಡಿ, ಕೆಲಸದ ಬಗ್ಗೆ ಕೇಳಿ. "ಏನಾದ್ರೂ ಕೆಲಸ ಕೊಡಿ ಸರ್" ಅಂದರೆ ಎಂಥವರೂ ಮುಖ ತಿರುಗಿಸುತ್ತಾರೆ. "ಈ ಕೆಲಸಕ್ಕೆ ನೀವು ಹೇಗೆ ಬಂದ್ರಿ ಸರ್?" ಅಂತ ಕೇಳಿ ನೋಡಿ, ಕುರ್ಚಿ ಎಳೆದು ಕೂರಿಸುತ್ತಾರೆ. ತನ್ನ ಕಥೆ ಹೇಳೋಕೆ ಯಾರಿಗೆ ಇಷ್ಟ ಇಲ್ಲ?

ನಾಲ್ಕು ಪ್ರಶ್ನೆ ಸಾಕು. ಈ ಕೆಲಸಕ್ಕೆ ಹೇಗೆ ಬಂದ್ರಿ? ಬೆಳಿಗ್ಗೆಯಿಂದ ಸಂಜೆ ತನಕ ಏನೇನು ಮಾಡ್ತೀರಿ? ನಾನು ಈ ವರ್ಷ ಏನು ಕಲಿತರೆ ಉಪಯೋಗ? ಇನ್ನು ಯಾರನ್ನ ಕೇಳಲಿ? ಕೊನೆಯ ಪ್ರಶ್ನೆ ಮರೆಯಬೇಡಿ. ಅದರಿಂದಲೇ ಒಬ್ಬರು ಇಬ್ಬರಾಗುತ್ತಾರೆ, ಇಬ್ಬರು ನಾಲ್ವರಾಗುತ್ತಾರೆ. ತಿಂಗಳಿಗೆ ಒಬ್ಬರನ್ನು ಕೇಳಿದರೂ ಡಿಗ್ರಿ ಮುಗಿಯುವಷ್ಟರಲ್ಲಿ ಮೂವತ್ತು ಜನ ಆದರು. ಕೇಳಿದ ಮೇಲೆ ಒಂದು ಸಲ ತಿರುಗಿ ಹೋಗಿ, "ನೀವು ಹೇಳಿದ ಹಾಗೆ ಮಾಡಿದೆ ಸರ್, ಹೀಗಾಯ್ತು" ಅಂತ ಹೇಳಿ ಬನ್ನಿ. ಈ ಕಾಲದಲ್ಲಿ ಹಾಗೆ ಬಂದು ಹೇಳುವವರು ಕಡಿಮೆ. ಹೇಳಿದವರನ್ನು ಯಾರೂ ಮರೆಯೋದಿಲ್ಲ.

ಎಲ್ಲಿ ಕೇಳಬೇಕು ಅಂತ ಊರೆಲ್ಲ ಹುಡುಕಬೇಕಾಗಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಕಿರ್ದಿ ಖಾತೆ ಬರೆಯುವ ಹಳೇ ಗುಮಾಸ್ತರ ಜಾಗದಲ್ಲಿ ಕಂಪ್ಯೂಟರ್ ಬಲ್ಲ ಹುಡುಗರು ಬಂದು ಕೂತಿದ್ದಾರೆ. ಬಿ.ಕಾಂ. ಮಕ್ಕಳು ಅವರನ್ನು ಕೇಳಲಿ. ಬಿ.ಎಸ್ಸಿ. ಮಕ್ಕಳು ಬೀಜ, ಗೊಬ್ಬರದ ಅಂಗಡಿಗೆ ಬರುವ ಕಂಪನಿ ಪ್ರತಿನಿಧಿಗಳನ್ನು, ರಕ್ತ ಪರೀಕ್ಷೆ ಮಾಡುವ ಲ್ಯಾಬಿನವರನ್ನು ಕೇಳಲಿ. ಬಿ.ಎ. ಓದುವವರು ಕೋರ್ಟಿನ ಬೆರಳಚ್ಚುಗಾರರನ್ನು, ಗ್ರಂಥಾಲಯದಲ್ಲಿ ಪರೀಕ್ಷೆಗೆ ಓದುತ್ತಾ ಕೂತ ಅಣ್ಣಂದಿರನ್ನು ಕೇಳಲಿ. ಅದರಲ್ಲೂ ಎರಡು ಸಲ ಸೋತು ಮೂರನೇ ಸಲ ಬರೆಯುತ್ತಿರುವವನನ್ನು ಕೇಳಿ. ಎಲ್ಲಿ ಎಡವುತ್ತೇವೆ ಅನ್ನೋದು ಅವನಿಗೆ ಚೆನ್ನಾಗಿ ಗೊತ್ತು.

ಹೆಣ್ಣುಮಕ್ಕಳಿಗೆ ಇದು ಅಷ್ಟು ಸುಲಭ ಅಲ್ಲ ಅನ್ನೋದೂ ಗೊತ್ತು. ಹುಡುಗಿ ಒಬ್ಬಳೇ ಅಂಗಡಿಯಲ್ಲಿ ನಿಂತು ಮಾತಾಡಿದರೆ ಸಂಜೆಯೊಳಗೆ ಆ ಸುದ್ದಿ ಅವಳ ಊರಿಗೆ ಹೋಗಿರುತ್ತದೆ, ಅದೂ ಬೇರೆ ರೂಪದಲ್ಲಿ. ಅದಕ್ಕೇ ಇಬ್ಬರು ಮೂವರು ಒಟ್ಟಿಗೆ ಹೋಗಿ. ಬ್ಯಾಂಕ್, ಎಲ್ಐಸಿ, ಆಸ್ಪತ್ರೆ, ಪಂಚಾಯಿತಿಗಳಲ್ಲಿ ಕೆಲಸ ಮಾಡುವ ಅಕ್ಕಂದಿರನ್ನು ಮೊದಲು ಕೇಳಿ. ನಿಮ್ಮ ಬಸ್ಸಿನಲ್ಲೇ ದಿನಾ ಟಿಫನ್ ಬಾಕ್ಸ್ ಹಿಡಿದು ಬರುತ್ತಾರಲ್ಲ, ಅವರೇ. ನೀವು ಈಗ ನಡೆಯುತ್ತಿರುವ ದಾರಿಯಲ್ಲೇ ಅವರೂ ನಡೆದವರು.

ಅಂಗಡಿಯವರಿಗೆ ಒಂದು ಮಾತು

ಈಗ ನಿಮ್ಮ ಸರದಿ ಸಾವ್ಕಾರ್ರೆ. "ವ್ಯಾಪಾರದ ಹೊತ್ತಲ್ಲಿ ಈ ಹುಡುಗರ ಹತ್ರ ಹರಟೆ ಹೊಡೀತಾ ಕೂರೋಕಾಗುತ್ತಾ?" ಅಂತೀರಿ. ವ್ಯಾಪಾರದ ಹೊತ್ತಲ್ಲಿ ಬೇಡ. ಮಧ್ಯಾಹ್ನ ಮೂರಕ್ಕೆ ಗಿರಾಕಿ ಇಲ್ಲದೆ ನೊಣ ಹೊಡೆಯುವ ಹೊತ್ತು ಒಂದಿದೆಯಲ್ಲ, ಆಗ ಹದಿನೈದು ನಿಮಿಷ ಕೊಡಿ. ಲೆಕ್ಕಕ್ಕೆ ಒಳ್ಳೆ ಹುಡುಗರು ಸಿಗೋದಿಲ್ಲ, ಸಿಕ್ಕರೂ ಆರು ತಿಂಗಳಿಗೆ ಓಡಿಹೋಗುತ್ತಾರೆ ಅಂತ ಗೋಳಾಡುವವರೂ ನೀವೇ. ಮೊದಲ ವರ್ಷದಲ್ಲೇ ಬಂದು ನಾಲ್ಕು ಪ್ರಶ್ನೆ ಕೇಳಿ ಹೋದ ಹುಡುಗ ಮೂರು ವರ್ಷ ನಿಮ್ಮ ಕಣ್ಣೆದುರು ಬೆಳೆದಿರುತ್ತಾನೆ. ಕೊಳ್ಳೋ ಮುಂಚೆ ಕಾಳು ಕೈಯಲ್ಲಿ ಹಿಡಿದು ನೋಡ್ತೀರಲ್ಲ, ಇದೂ ಹಾಗೇ. ಒಂದೇ ಕೋರಿಕೆ, ಯಾರ ಪೈಕಿ ಅಂತ ಮಾತ್ರ ಕೇಳಬೇಡಿ.

ಆದರೆ ಕೆಲಸ ಕಲಿಸುತ್ತೇನೆ ಅಂತ ವರ್ಷಗಟ್ಟಲೆ ಪುಕ್ಕಟೆ ದುಡಿಸಿಕೊಳ್ಳುವ ಬುದ್ಧಿ ಬೇಡ. ಹದಿನೈದು ದಿನ ನೋಡಿ ಕಲಿಯಲಿ. ಅದರಾಚೆ ದುಡಿದರೆ ದುಡಿದಷ್ಟು ಕೊಡಿ.

ಕಾಲೇಜಿನವರಿಗೂ ಒಂದು ಮಾತು. 2009ರಲ್ಲಿ ನಮ್ಮೂರಿಗೇ ವಿಶ್ವವಿದ್ಯಾಲಯ ಬಂತು. ಅದಾದ ಮೇಲೆ ಎಷ್ಟು ಮಕ್ಕಳು ಡಿಗ್ರಿ ಮುಗಿಸಿ ಹೋದರು! ಅವರೆಲ್ಲ ಎಲ್ಲಿ ಏನು ಮಾಡುತ್ತಿದ್ದಾರೆ ಅಂತ ಒಂದು ಪುಸ್ತಕದಲ್ಲಿ ಬರೆದಿಟ್ಟಿರುವ ಕಾಲೇಜು ಯಾವುದಾದರೂ ಇದ್ದರೆ ಈ ಅಂಕಣದಲ್ಲೇ ಹೊಗಳಿ ಬರೆಯುತ್ತೇನೆ. ತಿಂಗಳಿಗೊಂದು ಶನಿವಾರ ಹಳೇ ವಿದ್ಯಾರ್ಥಿಗಳಿಬ್ಬರನ್ನು ಕರೆಸಿ ಮೊದಲ ವರ್ಷದವರ ಮುಂದೆ ಕೂರಿಸಿ. ಹಾರ ಬೇಡ, ಶಾಲು ಬೇಡ, ಸ್ವಾಗತ ಭಾಷಣ ಮೊದಲೇ ಬೇಡ. ಎರಡು ಟೀ ಸಾಕು.

2024ರ ಜನವರಿ 12ರಂದು ಪಕ್ಕದ ಶಿವಮೊಗ್ಗದಲ್ಲಿ ಸರ್ಕಾರ ಯುವನಿಧಿಗೆ ಚಾಲನೆ ಕೊಟ್ಟಿತು. ಡಿಗ್ರಿ ಆಗಿ ಆರು ತಿಂಗಳು ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಕಷ್ಟದಲ್ಲಿ ಇರುವವನಿಗೆ ಅದು ಆಸರೆಯೇ. ಆದರೆ ಅದು ಡಿಗ್ರಿ ಮುಗಿದ ಮೇಲಿನ ಮಾತು. ಮೊದಲ ವರ್ಷದವನಿಗೆ ಬೇಕಾದ ಮಾತಿಗೆ ಸರ್ಕಾರದ ಆದೇಶ ಬೇಕಾಗಿಲ್ಲ, ಬಜೆಟ್ಟೂ ಬೇಕಾಗಿಲ್ಲ.

ಬಸ್ಸಿಳಿಯುವಾಗ ಆ ಹುಡುಗಿಯನ್ನು ಮಾತಾಡಿಸಿದೆ. "ಆಡಿಟರ್ ಆಫೀಸಿಗೆ ಹೋಗ್ತೀಯೇನಮ್ಮ?" ಅಂದೆ. "ಶನಿವಾರ ನನ್ನ ಗೆಳತಿ ಕರ್ಕೊಂಡು ಹೋಗ್ತೀನಿ ಸರ್. ನಮ್ಮಪ್ಪಂಗೆ ಹೇಳ್ಬೇಕು ಮೊದ್ಲು" ಅಂದಳು. ಅವಳ ಕೈಯಲ್ಲಿ ಇನ್ನು ಮೂರು ವರ್ಷವೂ ಪೂರ್ತಿ ಇಲ್ಲ. ಅಷ್ಟರೊಳಗೆ ಒಂದು ಕೆಲಸದ ದಾರಿ ಕಂಡರೆ ಅಪ್ಪನ ಮುಂದೆ ನಿಂತು ಒಂದು ಮಾತು ಆಡೋಕಾದರೂ ಅವಳಿಗೆ ಧೈರ್ಯ ಬರುತ್ತದೆ.

ನಾಳೆ ಬೆಳಿಗ್ಗೆ ನಿಮ್ಮ ಬಸ್ಸಿನಲ್ಲೂ ಯಾರೋ ಒಬ್ಬರು ಹೆಗಲಿಗೆ ಬ್ಯಾಗು ಹಾಕಿಕೊಂಡು ಪಕ್ಕದಲ್ಲಿ ಕೂರುತ್ತಾರೆ. ಏನು ಓದ್ತಿದೀಯ ಅಂತ ಕೇಳಿ. ಕೇಳಿ ಅಷ್ಟಕ್ಕೇ ಬಿಡಬೇಡಿ. ನಿಮಗೆ ಗೊತ್ತಿರೋದನ್ನೂ ಹೇಳಿ.